ಸತ್ತದ್ದು ಬ್ಯಾಟರಿ, ಕೊಂದದ್ದು ಯಾರು? ಹಳೆ ಟ್ರ್ಯಾಕ್ಟರಿನ ಚಾರ್ಜಿಂಗ್ ತೊಂದರೆ ಹುಡುಕುವ ಬಗೆ

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮರುದಿನ ಊರಲ್ಲಿ ಎಲ್ಲರಿಗೂ ಒಂದೇ ಆತುರ. ಮಣ್ಣಿನ ಹದ ಎರಡು ಮೂರು ದಿನ ಇದ್ದರೆ ಹೆಚ್ಚು. ಬೇಸಿಗೆಯೆಲ್ಲಾ ಕೊಟ್ಟಿಗೆ ಪಕ್ಕ ನಿಂತಿದ್ದ ಟ್ರ್ಯಾಕ್ಟರ್ ಹತ್ತಿ ಕೀ ತಿರುಗಿಸಿದರೆ 'ಟಕ್' ಅನ್ನುತ್ತದೆ, ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ. ಆಮೇಲೆ ನಾಲ್ಕು ಜನರನ್ನು ಕೂಗಿ ದೂಡಿಸುವುದು, ಇಲ್ಲವೇ ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದು. ಸಂಜೆಗೆ ಬ್ಯಾಟರಿ ಅಂಗಡಿಯ ದಾರಿ.

ನಮ್ಮ ಮನೆಯಲ್ಲೂ ಹೀಗೇ ಆಗುತ್ತಿತ್ತು. ಮೂರು ವರ್ಷದಲ್ಲಿ ಎರಡು ಬ್ಯಾಟರಿ ಬದಲಿಸಿದೆವು. ಎರಡೂ ಸತ್ತಿದ್ದು ನಿಜ, ಅಂಗಡಿಯವರು ಸುಳ್ಳು ಹೇಳಲಿಲ್ಲ. ಆದರೆ ಅವನ್ನು ಕೊಂದದ್ದು ಟ್ರ್ಯಾಕ್ಟರಿನ ಸ್ಟೀರಿಂಗ್ ಮುಂದಿನ ಮೀಟರ್ ಬೋರ್ಡಿನ ಹಿಂದೆ ಸಡಿಲವಾಗಿದ್ದ ಒಂದು ಸಣ್ಣ ನಟ್. ಆ ಕತೆ ಮುಂದೆ ಬರುತ್ತದೆ. ಅದು ಅರ್ಥವಾಗಬೇಕಾದರೆ ಟ್ರ್ಯಾಕ್ಟರಿನಲ್ಲಿ ಕರೆಂಟ್ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ತೊಟ್ಟಿ, ಮೋಟಾರು, ಫುಟ್‌ವಾಲ್ವು

ತೋಟಕ್ಕೆ ನೀರು ಹಾಯಿಸಿದವರಿಗೆ ಇದು ಕಷ್ಟವೇನಲ್ಲ. ಬ್ಯಾಟರಿ ಅಂದರೆ ನೀರಿನ ತೊಟ್ಟಿ. ತುಂಬಿದ್ದನ್ನು ಇಟ್ಟುಕೊಂಡು ಕೇಳಿದಾಗ ಕೊಡುತ್ತದೆ, ತಾನಾಗಿ ಏನೂ ಹುಟ್ಟಿಸುವುದಿಲ್ಲ. ತೊಟ್ಟಿ ತುಂಬಿಸುವ ಮೋಟಾರು ಅಂದರೆ ಎಂಜಿನ್ ಮುಂದೆ ಬೆಲ್ಟಿನಲ್ಲಿ ತಿರುಗುವ ಡೈನಮೋ ಅಥವಾ ಆಲ್ಟರ್ನೇಟರ್. ತೊಟ್ಟಿ ತುಂಬಿದ ಮೇಲೆ ಹೊರಚೆಲ್ಲದ ಹಾಗೆ ತಡೆಯುವ ಫ್ಲೋಟ್ ವಾಲ್ವ್ ಇರುತ್ತದಲ್ಲ, ಆ ಕೆಲಸ ರೆಗ್ಯುಲೇಟರಿನದು. ಮೋಟಾರು ನಿಂತಾಗ ನೀರು ವಾಪಸ್ ಬಾವಿಗೆ ಇಳಿಯದ ಹಾಗೆ ಫುಟ್‌ವಾಲ್ವ್ ಹಿಡಿದುಕೊಳ್ಳುತ್ತದೆ. ಅದೇ ಕೆಲಸವನ್ನು ಡೈನಮೋ ಇರುವ ಗಾಡಿಯಲ್ಲಿ ಕಟೌಟ್ ಮಾಡುತ್ತದೆ, ಆಲ್ಟರ್ನೇಟರಿನಲ್ಲಿ ಡಯೋಡುಗಳು ಮಾಡುತ್ತವೆ. ವೈರುಗಳೇ ಪೈಪು.

ಮೂರು ಅಳತೆ ನೆನಪಿದ್ದರೆ ಸಾಕು. ವೋಲ್ಟ್ ಅಂದರೆ ನೀರಿನ ಒತ್ತಡ. ಆಂಪಿಯರ್ ಅಂದರೆ ಪೈಪಿನಲ್ಲಿ ಎಷ್ಟು ಹರಿಯುತ್ತಿದೆ ಅನ್ನುವುದು. ಬ್ಯಾಟರಿ ಮೇಲೆ 75 ಆಂಪಿಯರ್ ಅವರ್ ಎಂದೋ 88 ಎಂದೋ ಬರೆದಿರುತ್ತದಲ್ಲ, ಅದು ತೊಟ್ಟಿಯ ಗಾತ್ರ.

ಈಗ ಒಂದು ಲೆಕ್ಕ. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಮೋಟಾರು ಸುಮಾರು 250 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಎಂಜಿನ್ ಐದು ಸೆಕೆಂಡಿಗೆ ಎತ್ತಿಕೊಂಡರೆ ತೊಟ್ಟಿಯಿಂದ ಖರ್ಚಾಗುವುದು ಅರ್ಧ ಆಂಪಿಯರ್ ಅವರ್‌ಗಿಂತ ಕಮ್ಮಿ. 10 ಆಂಪಿಯರಿನಲ್ಲಿ ಚಾರ್ಜ್ ಆದರೆ ಮೂರು ನಿಮಿಷದಲ್ಲಿ ವಾಪಸ್ ತುಂಬುತ್ತದೆ. ಆದರೆ ಚಳಿಗಾಲದ ಬೆಳಿಗ್ಗೆ, ಏರ್ ಹಿಡಿದ ಡೀಸಲ್ ಪೈಪಿನ ಜೊತೆ ಗುದ್ದಾಡುತ್ತಾ ಒಂದು ನಿಮಿಷ ಸೆಲ್ಫ್ ಹೊಡೆದರೆ ನಾಲ್ಕು ಆಂಪಿಯರ್ ಅವರ್‌ಗೂ ಜಾಸ್ತಿ ಹೋಯಿತು. ಅದು ತುಂಬಲು ಅರ್ಧ ಗಂಟೆ ಬೇಕು. ಸ್ಟಾರ್ಟ್ ಮಾಡಿ, ಶೆಡ್ಡಿನಿಂದ ಕಣಕ್ಕೆ ತಂದು, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡುವ ದಿನಚರಿ ಇದ್ದರೆ ಯಾವ ರಿಪೇರಿಯೂ ಇಲ್ಲದ ಟ್ರ್ಯಾಕ್ಟರಿನ ಬ್ಯಾಟರಿ ಕೂಡ ಇಳಿಯುತ್ತಾ ಹೋಗುತ್ತದೆ.

ಇನ್ನೊಂದು ವಿಷಯ. ಹಳೆ ಡೀಸಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಬ್ಯಾಟರಿಯ ಹಂಗಿಲ್ಲ. ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಬೇಕಿಲ್ಲ, ಡೀಸಲ್ ಪಂಪು ಎಂಜಿನ್ ಬಲದಲ್ಲೇ ತಿರುಗುತ್ತದೆ. ಅದಕ್ಕೇ ಚಾರ್ಜಿಂಗ್ ಕೆಟ್ಟು ತಿಂಗಳಾದರೂ ನಮಗೆ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ ಕ್ಲಚ್ ಬಿಟ್ಟು ಕೆಲಸ ಸಾಗಿಸುತ್ತೇವೆ. ಅಷ್ಟು ಹೊತ್ತಿಗೆ ಬ್ಯಾಟರಿ ಒಳಗೆ ಆಗಬೇಕಾದ ಹಾನಿ ಆಗಿರುತ್ತದೆ.

ಅರ್ಧ ಚಾರ್ಜಿನಲ್ಲಿ ಬ್ಯಾಟರಿ ಯಾಕೆ ಸಾಯುತ್ತದೆ

ಸೀಸ ಮತ್ತು ಆಸಿಡ್ ಬ್ಯಾಟರಿ ಹೊಸದೇನಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ್ದು. ಮೂಲ ಕೆಲಸ ಇಂದಿಗೂ ಅದೇ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್, ಪ್ರತಿಯೊಂದರಲ್ಲೂ ಸೀಸದ ಪ್ಲೇಟುಗಳು, ಸುತ್ತ ನೀರು ಬೆರೆಸಿದ ಗಂಧಕಾಮ್ಲ. ಕರೆಂಟ್ ಕೊಡುವಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮತ್ತೆ ಆಸಿಡ್‌ಗೆ ಸೇರುತ್ತದೆ.

ಚಾರ್ಜ್ ಮಾಡದೆ ಹಾಗೇ ಬಿಟ್ಟರೆ? ಜೋನಿ ಬೆಲ್ಲದ ಡಬ್ಬಿಯನ್ನು ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೆ ತಳದಲ್ಲಿ ಹರಳು ಕಟ್ಟುತ್ತದಲ್ಲ, ಹಾಗೆ ಆ ಸಲ್ಫೇಟ್ ದಪ್ಪ ಹರಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ. ತೊಟ್ಟಿಯಲ್ಲಿ ಹೂಳು ತುಂಬಿದ ಹಾಗೆ. ಹೊರಗಿನಿಂದ 75 ಆಂಪಿಯರ್ ಅವರ್ ಬ್ಯಾಟರಿ, ಒಳಗೆ ಹಿಡಿಯುವುದು 30. ಹಾಗಾಗಿ ಪ್ರತಿದಿನ ಸ್ವಲ್ಪ ಸ್ವಲ್ಪ ಕಮ್ಮಿ ಚಾರ್ಜ್ ಆಗುವ ಟ್ರ್ಯಾಕ್ಟರ್ ಹೊಸ ಬ್ಯಾಟರಿಯನ್ನೂ ಒಂದೂವರೆ ವರ್ಷದಲ್ಲಿ ಮುಗಿಸಿಬಿಡುತ್ತದೆ.

ಡೈನಮೋ ಬೇರೆ, ಆಲ್ಟರ್ನೇಟರ್ ಬೇರೆ

ಮಾತಿನಲ್ಲಿ ನಾವು ಎಲ್ಲವನ್ನೂ ಡೈನಮೋ ಅಂದುಬಿಡುತ್ತೇವೆ. ಎರಡೂ ನಡೆಯುವುದು ಒಂದೇ ತತ್ವದ ಮೇಲೆ. ತಾಮ್ರದ ಸುರುಳಿಯ ಹತ್ತಿರ ಅಯಸ್ಕಾಂತ ಅಲುಗಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದೂ ಇದೇ ತತ್ವದಿಂದ. ಅಲ್ಲಿ ಕಾವೇರಿ ತಿರುಗಿಸಿದಳು, ಇಲ್ಲಿ ಬೆಲ್ಟು ತಿರುಗಿಸುತ್ತದೆ.

ಡೈನಮೋದಲ್ಲಿ ಕರೆಂಟ್ ಹುಟ್ಟುವ ಸುರುಳಿಯೇ ತಿರುಗುತ್ತದೆ. ಹುಟ್ಟಿದ ಅಷ್ಟೂ ಕರೆಂಟ್ ಕಾರ್ಬನ್ ಬ್ರಷ್ ಮೂಲಕ ಹೊರಬರಬೇಕು. ಹಾಗಾಗಿ ಬ್ರಷ್ ಬೇಗ ಸವೆಯುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಅದರಿಂದ ಹೆಚ್ಚುಕಮ್ಮಿ ಏನೂ ಬರುವುದಿಲ್ಲ, ರೇಸ್ ಕೊಟ್ಟರೆ ಇಪ್ಪತ್ತು ಆಂಪಿಯರ್ ಆಸುಪಾಸು ಕೊಟ್ಟೀತು. ಹಳೆ ಕಾಲದ ಟ್ರ್ಯಾಕ್ಟರುಗಳಲ್ಲಿ ಇರುವುದು ಇದು. ಉದ್ದನೆಯ ಸಿಲಿಂಡರ್ ಆಕಾರ, ಹಿಂಭಾಗದಲ್ಲಿ ಎರಡೇ ಟರ್ಮಿನಲ್, ದೂರದಲ್ಲಿ ಒಂದು ಕಪ್ಪು ಡಬ್ಬಿ. ಆ ಡಬ್ಬಿಯೊಳಗೆ ಕಟೌಟ್ ಮತ್ತು ರೆಗ್ಯುಲೇಟರ್.

ಆಲ್ಟರ್ನೇಟರಿನಲ್ಲಿ ಉಲ್ಟಾ. ಕರೆಂಟ್ ಹಾಯಿಸಿದಾಗ ಆಗುವ ಅಯಸ್ಕಾಂತ ತಿರುಗುತ್ತದೆ, ಕರೆಂಟ್ ಹುಟ್ಟುವ ಸುರುಳಿ ಅಲುಗಾಡದೆ ಕೂತಿರುತ್ತದೆ. ಬ್ರಷ್‌ಗಳ ಮೂಲಕ ಹೋಗುವುದು ಅಯಸ್ಕಾಂತಕ್ಕೆ ಬೇಕಾದ ಸ್ವಲ್ಪ ಕರೆಂಟ್ ಮಾತ್ರ. ಹಾಗಾಗಿ ಬಾಳಿಕೆ ಜಾಸ್ತಿ, ಎಂಜಿನ್ ನಿಧಾನವಿದ್ದಾಗಲೂ ಸ್ವಲ್ಪ ಚಾರ್ಜ್ ಬರುತ್ತದೆ. ಗಿಡ್ಡ, ಗುಂಡು ಆಕಾರ, ಗಾಳಿ ಆಡುವ ಕಿಂಡಿಗಳಿರುವ ಮೈ. ಎಷ್ಟೋ ಹಳೆ ಟ್ರ್ಯಾಕ್ಟರುಗಳಿಗೆ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿರುತ್ತಾರೆ. ನಿಮ್ಮದರಲ್ಲಿ ಯಾವುದಿದೆ ಎಂದು ಮೊದಲು ನೋಡಿಕೊಳ್ಳಿ. ಒಂದರ ಪರೀಕ್ಷೆ ಇನ್ನೊಂದನ್ನು ಸುಡುತ್ತದೆ.

ಸುಡುವ ಪರೀಕ್ಷೆಗೆ ಒಂದು ಉದಾಹರಣೆ ಇಲ್ಲೇ ಹೇಳುತ್ತೇನೆ. ಎಂಜಿನ್ ಓಡುವಾಗ ಬ್ಯಾಟರಿಯ ಕೇಬಲ್ ಕಿತ್ತು, ಲೈಟ್ ಉರಿಯುತ್ತಿದ್ದರೆ ಚಾರ್ಜಿಂಗ್ ಸರಿ ಇದೆ ಎನ್ನುವ ಹಳೆಯ ಪದ್ಧತಿ ಈಗಲೂ ಕೆಲವರಲ್ಲಿದೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಇದನ್ನು ಯಾವತ್ತೂ ಮಾಡಬೇಡಿ. ಬ್ಯಾಟರಿ ಇಲ್ಲದ ಆ ಕ್ಷಣದಲ್ಲಿ ವೋಲ್ಟೇಜ್ ಎಗರಿ ಡಯೋಡ್, ರೆಗ್ಯುಲೇಟರ್ ಎರಡೂ ಹೋಗಬಹುದು.

ಮೀಟರ್ ಹಿಡಿಯುವ ಮೊದಲು ಕಣ್ಣು, ಕೈ

ಬೆಲ್ಟಿನಿಂದ ಶುರು ಮಾಡಿ. ಎಂಜಿನ್ ಆಫ್ ಮಾಡಿ, ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರಿನಿಂದ ಒಂದೂವರೆಯಷ್ಟು ಬಗ್ಗಬೇಕು. ಅದಕ್ಕಿಂತ ಜಾಸ್ತಿ ಬಗ್ಗಿದರೆ ಸಡಿಲ. ಬಿಗಿ ಇದ್ದ ಮಾತ್ರಕ್ಕೆ ಸರಿ ಇದೆ ಅಂತಲೂ ಅಲ್ಲ. ವಿ ಆಕಾರದ ಬೆಲ್ಟು ಹಿಡಿಯುವುದು ಪಕ್ಕಗಳಿಂದ. ಸವೆದು ಪುಲ್ಲಿಯ ತಳಕ್ಕೆ ಕೂತ ಬೆಲ್ಟು, ಪಕ್ಕಗಳು ಕನ್ನಡಿ ಹಾಗೆ ಹೊಳೆಯುವ ಬೆಲ್ಟು, ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಹೆಡ್‌ಲೈಟ್ ಹಾಕಿ ರೇಸ್ ಕೊಟ್ಟಾಗ 'ಕೀಂಯ್' ಅಂದರೆ ಅದೇ ದೂರು. ಹಾಗಂತ ವೀಣೆ ತಂತಿ ಹಾಗೆ ಎಳೆದು ಕಟ್ಟಿದರೆ ಬೇರಿಂಗ್ ಹೋಗುತ್ತದೆ.

ಆಮೇಲೆ ಬ್ಯಾಟರಿ ಟರ್ಮಿನಲ್, ಅಂದರೆ ಕೇಬಲ್ಲಿನ ಕ್ಲಾಂಪ್ ಕೂರುವ ಕಂಬಗಳು. ಬಿಳಿ, ನೀಲಿ, ಹಸಿರು ಪುಡಿ ಕಟ್ಟಿದೆಯಾ? ಕ್ಲಾಂಪನ್ನು ಕೈಯಲ್ಲಿ ತಿರುಗಿಸಿದರೆ ಅಲುಗುತ್ತದೆಯಾ? ಅಲುಗಬಾರದು. ಪುಡಿ ಇದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಸೋಡಾ ಆಸಿಡ್ಡನ್ನು ಸಾಯಿಸುತ್ತದೆ, ನೊರೆ ಬರುತ್ತದೆ. ಆ ನೀರು ಸೆಲ್ ಒಳಗೆ ಮಾತ್ರ ಹೋಗಬಾರದು, ಮುಚ್ಚಳಗಳು ಬಿಗಿಯಾಗಿರಲಿ. ಮೇಲೆ ಎಷ್ಟು ತೊಳೆದರೂ ಸಾಲದು, ಕ್ಲಾಂಪ್ ಬಿಚ್ಚಿ ಒಳಮೈಯನ್ನೂ ಕಂಬವನ್ನೂ ಎಮೆರಿ ಹಾಳೆಯಲ್ಲಿ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಬಿಚ್ಚುವಾಗ ಟ್ರ್ಯಾಕ್ಟರಿನ ಕಬ್ಬಿಣದ ಮೈಗೆ ಹೋಗುವ ಕೇಬಲ್ ಮೊದಲು, ಹಾಕುವಾಗ ಅದು ಕೊನೆಗೆ. ಸ್ಪ್ಯಾನರ್ ತಪ್ಪಿ ಮೈಗೆ ತಗುಲಿದರೂ ಕಿಡಿ ಹಾರದಿರಲಿ ಅಂತ.

ಸೆಲ್ ಮುಚ್ಚಳ ತೆಗೆದು ನೀರು ನೋಡಿ. ಪ್ಲೇಟು ಮುಳುಗಿರಬೇಕು. ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಉಪ್ಪು ಪ್ಲೇಟಿಗೆ ವಿಷ. ಆರ್‌ಒ ನೀರಿನಲ್ಲೂ ಸ್ವಲ್ಪ ಉಪ್ಪು ಉಳಿದಿರುತ್ತದೆ, ಅದೂ ಬೇಡ. ಆಸಿಡ್ ಹಾಕಲೇಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಅಲ್ಲ.

ಮೂರು ಅಂಕಿಯಲ್ಲಿ ಅರ್ಧ ಉತ್ತರ

ಈಗ ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ ಪ್ಲಸ್ ಕಂಬಕ್ಕೆ, ಕಪ್ಪು ಕಡ್ಡಿ ಮೈನಸ್ ಕಂಬಕ್ಕೆ. ಕ್ಲಾಂಪಿಗಲ್ಲ, ಕಂಬಕ್ಕೇ.

ಮೊದಲ ಅಂಕಿ ಬೆಳಿಗ್ಗೆ, ಟ್ರ್ಯಾಕ್ಟರ್ ರಾತ್ರಿಯೆಲ್ಲಾ ಸುಮ್ನೆ ನಿಂತಿದ್ದ ಮೇಲೆ. 12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ತೊಟ್ಟಿ ತುಂಬಿದೆ. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. 12ಕ್ಕಿಂತ ಕೆಳಗಿದ್ದರೆ ತಳ ಕಾಣುತ್ತಿದೆ. 12 ವೋಲ್ಟ್ ಬ್ಯಾಟರಿಯಲ್ಲಿ 12 ತೋರಿಸಿದರೆ ಸರಿ ಇದೆ ಅಂದುಕೊಳ್ಳುವವರೇ ಜಾಸ್ತಿ. ಅದು ತಪ್ಪು. ಚಾರ್ಜ್ ಮಾಡಿಸಿದ ಮೇಲೂ 10.5ರ ಹತ್ತಿರ ನಿಂತರೆ ಆರರಲ್ಲಿ ಒಂದು ಸೆಲ್ ಹೋಗಿದೆ, ಆ ಬ್ಯಾಟರಿಯ ಆಸೆ ಬಿಡಿ. ಸೆಲ್ಲಿನ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಖಚಿತ. ಐದು ಸೆಲ್ 1.250 ತೋರಿಸಿ ಆರನೆಯದು 1.180 ತೋರಿಸಿದರೆ ಕಳ್ಳ ಅದೇ.

ಎರಡನೇ ಅಂಕಿ ಸೆಲ್ಫ್ ಹೊಡೆಯುವಾಗ. ಮೀಟರ್ ನೋಡಲು ಇನ್ನೊಬ್ಬರು ಇರಲಿ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಬ್ಯಾಟರಿ 9.6ಕ್ಕಿಂತ ಕೆಳಗೆ ಬೀಳಬಾರದು. ಬೆಳಿಗ್ಗೆ 12.6 ಇದ್ದು ಈಗ 7ಕ್ಕೆ ಬಿದ್ದರೆ ಬ್ಯಾಟರಿಯಲ್ಲಿ ಹೂಳು ತುಂಬಿದೆ, ಅಥವಾ ಸ್ಟಾರ್ಟರ್ ಮೋಟಾರೇ ಹಿಡಿದುಕೊಂಡು ವಿಪರೀತ ಎಳೆಯುತ್ತಿದೆ. ಬ್ಯಾಟರಿ 11.5ರಲ್ಲಿ ನಿಂತಿದ್ದೂ ಎಂಜಿನ್ ನಿಧಾನ ತಿರುಗಿದರೆ ಬ್ಯಾಟರಿಯ ತಪ್ಪಿಲ್ಲ. ದಾರಿಯಲ್ಲಿ ಎಲ್ಲೋ ಕರೆಂಟ್ ತಡೆಯುತ್ತಿದೆ.

ಮೂರನೇ ಅಂಕಿ ಎಂಜಿನ್ ಓಡುವಾಗ, ಸುಮಾರು 1500 ಆರ್‌ಪಿಎಂನಲ್ಲಿ. ಬ್ಯಾಟರಿ ಕಂಬದಲ್ಲಿ 13.8ರಿಂದ 14.5ರ ಒಳಗೆ ಇರಬೇಕು. ಯಾಕೆ 12.6 ಸಾಲದು? ತೊಟ್ಟಿಗೆ ನೀರು ಏರಬೇಕಾದರೆ ಪೈಪಿನ ಒತ್ತಡ ತೊಟ್ಟಿಯ ಮಟ್ಟಕ್ಕಿಂತ ಜಾಸ್ತಿ ಇರಬೇಕು, ಅಲ್ವಾ? ಸ್ಟಾರ್ಟ್ ಮಾಡಿದ ಮೇಲೂ 12.4ರಲ್ಲೇ ನಿಂತು ಮೆಲ್ಲಗೆ ಇಳಿಯುತ್ತಿದ್ದರೆ ಚಾರ್ಜೇ ಇಲ್ಲ. 13.1ರಲ್ಲಿ ನಿಂತರೆ ಚಾರ್ಜ್ ಇದೆ, ಸಾಲದು. ಹೆಡ್‌ಲೈಟ್ ಹಾಕಿದ ಕೂಡಲೇ 12.5ಕ್ಕೆ ಇಳಿದರೆ ಬೆಲ್ಟು ಅಥವಾ ಆಲ್ಟರ್ನೇಟರ್ ಸೋಲುತ್ತಿದೆ. ಆದರೆ ಹೊಸದಾಗಿ ಏನೇನು ಸೇರಿಸಿದ್ದೇವೆ ಅನ್ನುವುದನ್ನೂ ನೆನಪಿಸಿಕೊಳ್ಳಿ. 55 ವಾಟಿನ ಹ್ಯಾಲೊಜೆನ್ ಎರಡು ಇದ್ದರೇ ಒಂಬತ್ತು ಆಂಪಿಯರ್. ಜೊತೆಗೆ ಕಬ್ಬಿನ ಟ್ರೈಲರಿನ ಲೈಟುಗಳು, ಊರಿಗೆಲ್ಲಾ ಕೇಳುವ ಸೌಂಡ್ ಸಿಸ್ಟಂ. ಹಳೆ ಡೈನಮೋ ಕೊಡುವುದೇ ಇಪ್ಪತ್ತು ಆಂಪಿಯರ್ ಆಸುಪಾಸು, ಅದೂ ರೇಸ್ ಕೊಟ್ಟಾಗ.

ಮೀಟರ್ ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇದ್ದರೆ ಅದರ ಬಗ್ಗೆ ಒಂದು ಮಾತು. ಸ್ಟಾರ್ಟ್ ಆದ ಕೂಡಲೇ ಮುಳ್ಳು ಪ್ಲಸ್ ಕಡೆ ಹೋಗಿ, ಸ್ವಲ್ಪ ಹೊತ್ತಿಗೆ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಇದನ್ನು ನೋಡಿ ಚಾರ್ಜ್ ನಿಂತಿತು ಎಂದು ಗಾಬರಿಯಾಗುವವರಿದ್ದಾರೆ. ತೊಟ್ಟಿ ತುಂಬಿತು ಅಂತ ಅರ್ಥ. ರೇಸ್ ಕೊಟ್ಟಾಗಲೂ ಮೈನಸ್ ಕಡೆಯೇ ಇದ್ದರೆ ಮಾತ್ರ ಚಿಂತೆ ಮಾಡಿ.

ಮಧ್ಯ ಯಾರು ತಿಂದರು?

ನಮ್ಮ ನಟ್ಟಿನ ಕತೆ ಈಗ. ಎರಡನೇ ಬ್ಯಾಟರಿಯೂ ಕೈಕೊಟ್ಟ ಮೇಲೆ ಅಪ್ಪ ಆಲ್ಟರ್ನೇಟರ್ ಬಿಚ್ಚಿಸಿ ರಿಪೇರಿ ಅಂಗಡಿಗೆ ಒಯ್ದರು. ಅಂಗಡಿಯಲ್ಲಿ ತಿರುಗಿಸಿ ನೋಡಿ ಸರಿ ಇದೆ ಎಂದರು. ವಾಪಸ್ ಕೂರಿಸಿದರೆ ಅದೇ ಹಾಡು. ಕೊನೆಗೆ ಸಂತೆ ಬೀದಿಯ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಎಂಜಿನ್ ಸ್ಟಾರ್ಟ್ ಮಾಡಿಸಿ, ಹೆಡ್‌ಲೈಟ್ ಹಾಕಿಸಿ, ಬ್ಯಾಟರಿ ಕಂಬಕ್ಕೆ ಮೀಟರ್ ಇಟ್ಟರು. 13.1. ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ ಇಟ್ಟರು. 14.3. ನನ್ನ ಕಡೆ ತಿರುಗಿ, "ಅಲ್ಲೆಷ್ಟು, ಇಲ್ಲೆಷ್ಟು? ಮಧ್ಯ ಯಾರು ತಿಂದ್ರು, ನೋಡು" ಅಂದರು.

ಆಲ್ಟರ್ನೇಟರಿನಿಂದ ಹೊರಟ ಕರೆಂಟ್ ನೇರ ಬ್ಯಾಟರಿಗೆ ಹೋಗುವುದಿಲ್ಲ. ನಮ್ಮ ಗಾಡಿಯಲ್ಲಿ ಅದು ಮೀಟರ್ ಬೋರ್ಡಿಗೆ ಹತ್ತಿ, ಆಂಪಿಯರ್ ಮೀಟರಿನ ಒಳಗೆ ಹಾದು, ಸೆಲ್ಫಿನ ಸೊಲೆನಾಯ್ಡ್ (ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಬೋಲ್ಟಿಗೆ ಇಳಿದು, ಅಲ್ಲಿಂದ ಬ್ಯಾಟರಿಗೆ ಸೇರುತ್ತದೆ. ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ಹಿಂದೆ ನೋಡಿದರೆ ಆಂಪಿಯರ್ ಮೀಟರಿನ ಒಂದು ನಟ್ ಬೆರಳಲ್ಲೇ ತಿರುಗುತ್ತಿತ್ತು. ಅದರಡಿ ಇದ್ದ ಲಗ್, ಅಂದರೆ ವೈರಿನ ತುದಿಯ ಲೋಹದ ಬಳೆ, ಕಪ್ಪಾಗಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ ಎರಡು ಇಂಚಿನಷ್ಟು ಉದ್ದ ಕಾಫಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಹತ್ತು ಆಂಪಿಯರ್ ಹರಿಯುವಾಗ 1.2 ವೋಲ್ಟ್ ಅಲ್ಲೇ ಕಳೆದರೆ 12 ವಾಟ್ ಶಾಖ. ಸಣ್ಣ ಸೋಲ್ಡರಿಂಗ್ ಕಡ್ಡಿಯಷ್ಟು ಬಿಸಿ, ವರ್ಷಗಟ್ಟಲೆ, ಬೋರ್ಡಿನ ಹಿಂದೆ. ಬ್ಯಾಟರಿಗೆ ತಲುಪಬೇಕಾದ ಒತ್ತಡದಲ್ಲಿ ಅಷ್ಟು ದಾರಿಯಲ್ಲೇ ಚೆಲ್ಲಿ ಹೋಗುತ್ತಿತ್ತು. ಸೆಲ್ಫಿನ ದಪ್ಪ ಕೇಬಲ್ ಈ ದಾರಿಯಲ್ಲಿ ಬರುವುದಿಲ್ಲ, ಹಾಗಾಗಿ ಬ್ಯಾಟರಿ ತುಂಬಿದ್ದ ದಿನ ಸೆಲ್ಫ್ ಚೆನ್ನಾಗೇ ಎತ್ತಿಕೊಳ್ಳುತ್ತಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ.

ವೈರಿನ ಸುಟ್ಟ ತುದಿ ಕತ್ತರಿಸಿ, ಹೊಸ ಲಗ್ ಒತ್ತಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದರು. ಬ್ಯಾಟರಿಯಲ್ಲಿ 14.1 ಬಂತು. ಖರ್ಚು ಒಂದು ಊಟದಷ್ಟೂ ಆಗಲಿಲ್ಲ.

ಈ ಪರೀಕ್ಷೆಯನ್ನು ನೀವೇ ಮಾಡಬಹುದು. ಎಂಜಿನ್ ಓಡುತ್ತಿರಲಿ, ಲೈಟ್ ಉರಿಯುತ್ತಿರಲಿ. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ. 0.3ಕ್ಕಿಂತ ಕಮ್ಮಿ ತೋರಿಸಿದರೆ ಪೈಪು ಸ್ವಚ್ಛ. ಆಮೇಲೆ ಒಂದು ಕಡ್ಡಿ ಆಲ್ಟರ್ನೇಟರಿನ ಮೈಗೆ, ಇನ್ನೊಂದು ಮೈನಸ್ ಕಂಬಕ್ಕೆ. ಇಲ್ಲಿ 0.2ರ ಒಳಗಿರಬೇಕು. ಸಡಿಲ ಅಂಗಿ ತೋಳು, ಟವೆಲ್ಲು ಬೆಲ್ಟಿನ ಹತ್ತಿರ ಬೇಡ.

ಈ ಎರಡನೆಯದು ಅರ್ಥಿಂಗ್ ಪರೀಕ್ಷೆ. ಟ್ರ್ಯಾಕ್ಟರಿನಲ್ಲಿ ಕರೆಂಟ್ ಹೋಗುವುದು ವೈರಿನಲ್ಲಿ, ವಾಪಸ್ ಬರುವುದು ಎಂಜಿನ್ ಮತ್ತು ಗೇರ್‌ಬಾಕ್ಸಿನ ಕಬ್ಬಿಣದ ಮೈಯಿಂದ. ಆ ಮೈಯನ್ನೂ ಬ್ಯಾಟರಿಯನ್ನೂ ಸೇರಿಸುವುದು ಜಡೆ ಹೆಣೆದಂತಿರುವ ಒಂದು ಪಟ್ಟಿ. ಆಯುಧಪೂಜೆಗೆ ಮುಂಚೆ ಟ್ರ್ಯಾಕ್ಟರಿಗೆ ಹೊಸ ಪೇಂಟ್ ಹೊಡೆಸುತ್ತೇವಲ್ಲ, ಆಗ ಈ ಪಟ್ಟಿ ಬಿಚ್ಚಿ, ಅದರ ಜಾಗಕ್ಕೂ ಬಣ್ಣ ಬಳಿದು, ಬಣ್ಣದ ಮೇಲೇ ಪಟ್ಟಿ ಕೂರಿಸಿ ಬೋಲ್ಟ್ ಹಾಕಿರುತ್ತಾರೆ. ಬಣ್ಣದ ಮೂಲಕ ಕರೆಂಟ್ ಹರಿಯುವುದಿಲ್ಲ. ಬೋಲ್ಟಿನ ಎಳೆಗಳಿಂದ ಹೇಗೋ ಸ್ವಲ್ಪ ದಾಟಿಕೊಳ್ಳುತ್ತದೆ. ಹಬ್ಬದ ಮರುವಾರದಿಂದ ಸೆಲ್ಫ್ ನಿಧಾನವಾದರೆ ಮೊದಲು ಆ ಬೋಲ್ಟ್ ಬಿಚ್ಚಿ, ಜಾಗವನ್ನು ಕಬ್ಬಿಣ ಕಾಣುವ ತನಕ ಕೆರೆಯಿರಿ.

ಕೆಂಪು ಲೈಟ್ ಏನು ಹೇಳುತ್ತದೆ

ಕೀ ತಿರುಗಿಸಿದಾಗ ಹತ್ತಿ, ಸ್ಟಾರ್ಟ್ ಆದ ಮೇಲೆ ಆರುವ ಬ್ಯಾಟರಿ ಗುರುತಿನ ಲೈಟ್ ಇದೆಯಲ್ಲ, ಅದರ ಒಂದು ತುದಿ ಕೀ ಕಡೆ, ಇನ್ನೊಂದು ತುದಿ ಆಲ್ಟರ್ನೇಟರ್ ಕಡೆ. ಎರಡು ಗದ್ದೆಗಳ ನಡುವಿನ ತೂಬಿನ ಹಾಗೆ. ಒಂದು ಕಡೆ ನೀರು ಎತ್ತರದಲ್ಲಿ, ಇನ್ನೊಂದು ಕಡೆ ಇಲ್ಲದಿದ್ದರೆ ತೂಬಿನಲ್ಲಿ ಹರಿಯುತ್ತದೆ, ಲೈಟ್ ಹತ್ತುತ್ತದೆ. ಆಲ್ಟರ್ನೇಟರ್ ಕೆಲಸ ಶುರು ಮಾಡಿ ಆ ಕಡೆಯೂ ಮಟ್ಟ ಏರಿದರೆ ಹರಿವು ನಿಲ್ಲುತ್ತದೆ, ಲೈಟ್ ಆರುತ್ತದೆ.

ಇದು ಬರೀ ಎಚ್ಚರಿಕೆಯ ಲೈಟ್ ಅಲ್ಲ. ಎಷ್ಟೋ ಆಲ್ಟರ್ನೇಟರುಗಳಲ್ಲಿ ಅಯಸ್ಕಾಂತಕ್ಕೆ ಮೊದಲ ಕರೆಂಟ್ ಹೋಗುವುದೇ ಈ ಬಲ್ಬ್ ಮೂಲಕ. ಬಲ್ಬ್ ಫ್ಯೂಸ್ ಆದರೆ ಆಲ್ಟರ್ನೇಟರ್ ಏಳುವುದೇ ಇಲ್ಲ, ಅಥವಾ ಜೋರಾಗಿ ರೇಸ್ ಕೊಟ್ಟ ಮೇಲೆ ಏಳುತ್ತದೆ. ಎರಡು ಮೂರು ವಾಟಿನ ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದಾಗಲೂ ಹೀಗಾಗಬಹುದು, ಅದರಲ್ಲಿ ಹರಿಯುವ ಕರೆಂಟ್ ಸಾಲುವುದಿಲ್ಲ. ಹಾಗಾಗಿ ಕೀ ಹಾಕಿದಾಗ ಲೈಟ್ ಹತ್ತದಿದ್ದರೆ ಮೊದಲು ಬಲ್ಬ್, ಆಮೇಲೆ ಅದರ ವೈರು, ಆಮೇಲೆ ಬ್ರಷ್. ಓಡುವಾಗಲೂ ಪೂರ್ತಿ ಉರಿಯುತ್ತಿದ್ದರೆ ಚಾರ್ಜ್ ಇಲ್ಲ. ಮಂಕಾಗಿ ಮಿಣುಕುತ್ತಿದ್ದರೆ ಡಯೋಡಿನ ಮೇಲೆ ಅನುಮಾನ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿ ಕಂಬಗಳಿಗೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಡಯೋಡ್ ಹೋಗಿರುವ ಸಾಧ್ಯತೆ ಹೆಚ್ಚು.

ಡೈನಮೋದವರಿಗೆ ಬೇರೆ ದಾರಿ. ಸ್ಲೋ ಓಟದಲ್ಲಿ ಲೈಟ್ ಮಿಣುಕುವುದು ಅಲ್ಲಿ ಸಹಜ. ರೇಸ್ ಕೊಟ್ಟರೂ ಆರದಿದ್ದರೆ ಡೈನಮೋದ ಎರಡು ವೈರ್ ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಟ್ರ್ಯಾಕ್ಟರಿನ ಮೈಗೆ ಇಡಿ. ಸ್ಲೋ ಓಟದಿಂದ ಮೆಲ್ಲಗೆ ರೇಸ್ ಏರಿಸಿದರೆ ವೋಲ್ಟೇಜ್ ಸರಾಗವಾಗಿ ಏರುತ್ತಾ ಹೋಗಬೇಕು. ಇಪ್ಪತ್ತು ದಾಟಿಸಬೇಡಿ. ಏರಿದರೆ ಡೈನಮೋ ಚೆನ್ನಾಗಿದೆ, ತೊಂದರೆ ಕಪ್ಪು ಡಬ್ಬಿಯಲ್ಲಿ ಅಥವಾ ವೈರಿನಲ್ಲಿ. ಏನೂ ಬರದಿದ್ದರೆ ಬ್ರಷ್ ಸವೆದಿರಬಹುದು. ಒಂದು ವೋಲ್ಟಿನ ಹತ್ತಿರವೇ ನಿಂತರೆ ತೊಂದರೆ ಫೀಲ್ಡ್ ಕಾಯಿಲಿನಲ್ಲಿ, ಅಂದರೆ ಅಯಸ್ಕಾಂತದ ಸುರುಳಿಯಲ್ಲಿ; ನಾಲ್ಕೈದರಲ್ಲಿ ನಿಂತರೆ ಆರ್ಮೇಚರಿನಲ್ಲಿ, ಅಂದರೆ ತಿರುಗುವ ಸುರುಳಿಯಲ್ಲಿ. ಎರಡಕ್ಕೂ ವೈಂಡಿಂಗ್ ಅಂಗಡಿಯೇ ಗತಿ. ಈ ಪರೀಕ್ಷೆ ಡೈನಮೋಗೆ ಮಾತ್ರ.

ರಾತ್ರಿ ಹೊತ್ತಿನ ಸೋರಿಕೆ

ಸಂಜೆ 12.7, ಓಡುವಾಗ 14.2, ಎಲ್ಲಾ ಸರಿ. ನಾಲ್ಕು ದಿನ ಬಿಟ್ಟು ನೋಡಿದರೆ ಡೌನ್. ಆಗ ತೊಟ್ಟಿ ಎಲ್ಲೋ ಸೋರುತ್ತಿದೆ.

ಕೀ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ 12 ವೋಲ್ಟಿನ ಒಂದು ಸಣ್ಣ ಬಲ್ಬ್ ಹಿಡಿಯಿರಿ. ಹತ್ತಿದರೆ ದೊಡ್ಡ ಸೋರಿಕೆ. ಹತ್ತದಿದ್ದರೆ ಬಲ್ಬಿನ ಜಾಗದಲ್ಲಿ ಮೀಟರನ್ನು ಹತ್ತು ಆಂಪಿಯರ್‌ಗೆ ಇಟ್ಟು ನೋಡಿ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಬಾರದು, ಮೀಟರೇ ಹೋಗುತ್ತದೆ. 0.05 ಆಂಪಿಯರಿನ ಒಳಗಿದ್ದರೆ ಪರವಾಗಿಲ್ಲ. 0.2 ಇದ್ದರೆ? ದಿನಕ್ಕೆ ಸುಮಾರು ಐದು ಆಂಪಿಯರ್ ಅವರ್. ಎಂಟು ದಿನದಲ್ಲಿ 75ರ ಬ್ಯಾಟರಿ ಅರ್ಧ ಖಾಲಿ.

ಸೋರಿಕೆ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಆ ದಾರಿಯಲ್ಲಿ ಹುಡುಕಿ. ಕೀ ದಾಟಿಸಿ ನೇರ ಬ್ಯಾಟರಿಯಿಂದ ಎಳೆದ ಸೌಂಡ್ ಸಿಸ್ಟಂ, ಮೊಬೈಲ್ ಚಾರ್ಜರ್ ಮೊದಲ ಆರೋಪಿಗಳು. ಯಾವ ಫ್ಯೂಸಿಗೂ ಜಗ್ಗದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿ, ತುದಿ ಎಲ್ಲಿಗೂ ತಗುಲದಿರಲಿ. ಈಗ ಇಳಿದರೆ ಡಯೋಡ್ ಸೋರುತ್ತಿದೆ, ಅಂದರೆ ಫುಟ್‌ವಾಲ್ವ್ ಹಿಡಿಯುತ್ತಿಲ್ಲ. ಇದಕ್ಕೆ ಮೀಟರಿಲ್ಲದ ಒಂದು ಪರೀಕ್ಷೆಯೂ ಇದೆ. ರಾತ್ರಿಯೆಲ್ಲಾ ನಿಂತ ಎಂಜಿನ್ ತಣ್ಣಗಿದ್ದು ಆಲ್ಟರ್ನೇಟರಿನ ಮೈ ಮಾತ್ರ ಬೆಚ್ಚಗಿದ್ದರೆ ಅನುಮಾನವೇ ಬೇಡ.

ಚಾರ್ಜ್ ಜಾಸ್ತಿಯಾದರೂ ಕಷ್ಟವೇ

ಇದು ಕಮ್ಮಿ ಕಾಣುವ ತೊಂದರೆ. ಓಡುವಾಗ 15 ವೋಲ್ಟ್ ದಾಟಿದರೆ ಬ್ಯಾಟರಿ ನೀರು ವಾರಕ್ಕೊಮ್ಮೆ ಖಾಲಿಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಲ್ಬುಗಳು ಒಂದಾದ ಮೇಲೊಂದು ಹೋಗುತ್ತವೆ. ರೆಗ್ಯುಲೇಟರ್ ಕೆಟ್ಟಿದೆ, ಅಥವಾ ಅದರ ಅರ್ಥಿಂಗ್ ಬಿಟ್ಟಿದೆ.

ಪೂರ್ತಿ ಡೌನ್ ಆದ ಬ್ಯಾಟರಿಗೆ ಏನು ಮಾಡಬೇಕು

ದೂಡಿ ಸ್ಟಾರ್ಟ್ ಮಾಡಿ ಇಡೀ ದಿನ ಉಳುಮೆ ಮಾಡಿದರೆ ತಾನೇ ಚಾರ್ಜ್ ಆಗುತ್ತದೆ ಅನ್ನುವುದು ಅರ್ಧ ಸತ್ಯ. ಖಾಲಿ ಬ್ಯಾಟರಿ ವಿಪರೀತ ಕರೆಂಟ್ ಎಳೆದು ಆಲ್ಟರ್ನೇಟರನ್ನು ಕಾಯಿಸುತ್ತದೆ. ಬಿಚ್ಚಿ ಚಾರ್ಜಿಗೆ ಹಾಕಿಸುವುದು ಒಳ್ಳೆಯದು. ಅಂಗಡಿಯವರಿಗೆ ನಿಧಾನ ಚಾರ್ಜ್ ಕೊಡಿ ಎಂದು ಹೇಳಿ. ಬ್ಯಾಟರಿ ಗಾತ್ರದ ಹತ್ತನೇ ಒಂದು ಭಾಗ, ಅಂದರೆ 75ಕ್ಕೆ ಏಳೆಂಟು ಆಂಪಿಯರಿನಲ್ಲಿ, ಹತ್ತು ಹನ್ನೆರಡು ಗಂಟೆ. ಒಂದೇ ಗಂಟೆಯಲ್ಲಿ ಬೂಸ್ಟ್ ಮಾಡಿದ್ದು ಪ್ಲೇಟನ್ನು ಬಗ್ಗಿಸಬಹುದು. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಒಂದು ಕಿಡಿಗೂ ಸಿಡಿಯುತ್ತದೆ, ಹತ್ತಿರ ಬೀಡಿ ಬೇಡ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ನಿಂತೇ ಇರುವುದಾದರೆ ಮೈನಸ್ ಕೇಬಲ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಕೇಬಲ್‌ಗಳನ್ನೂ ಆಲ್ಟರ್ನೇಟರ್ ವೈರುಗಳನ್ನೂ ಬಿಚ್ಚಿಸಿ.

ಇನ್ನು ಹದ ತಪ್ಪಿಹೋಗುತ್ತಿದೆ, ಈಗಲೇ ಸ್ಟಾರ್ಟ್ ಆಗಬೇಕು ಅಂದರೆ ಪಕ್ಕದವರ ಟ್ರ್ಯಾಕ್ಟರಿನಿಂದ ದಪ್ಪ ಕೇಬಲ್ ಎಳೆಯುತ್ತೇವೆ. ಅದಕ್ಕೆ ಮುಂಚೆ ಎರಡೂ ಗಾಡಿಯಲ್ಲಿ ಮೈಗೆ ಹೋಗುವ ಕಂಬ ಯಾವುದು ನೋಡಿ. ಬ್ರಿಟಿಷ್ ವಿನ್ಯಾಸದ ಕೆಲವು ಹಳೆ ಟ್ರ್ಯಾಕ್ಟರುಗಳಲ್ಲಿ ಮೈಗೆ ಹೋಗುವುದು ಪ್ಲಸ್. ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಮೈಗೆ ಇದ್ದರೆ ಕೇಬಲ್ ಎಳೆಯುವ ಯೋಚನೆ ಬಿಟ್ಟು ಹಗ್ಗ ಹುಡುಕಿ. ಎರಡರಲ್ಲೂ ಮೈನಸ್ ಇದ್ದರೆ ಮೊದಲು ಪ್ಲಸ್‌ಗೆ ಪ್ಲಸ್. ಆಮೇಲೆ ಒಳ್ಳೆ ಬ್ಯಾಟರಿಯ ಮೈನಸ್‌ಗೆ ಎರಡನೇ ಕೇಬಲ್. ಅದರ ಇನ್ನೊಂದು ತುದಿಯನ್ನು ಡೌನ್ ಆದ ಬ್ಯಾಟರಿಗೆ ಹಾಕಬೇಡಿ. ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಯಾವುದಾದರೂ ಬೋಲ್ಟಿಗೆ ಕಚ್ಚಿಸಿ. ಐದು ನಿಮಿಷ ಕಾದು ಸೆಲ್ಫ್ ಹೊಡೆಯಿರಿ. ಬಿಚ್ಚುವಾಗ ಇದೇ ಕ್ರಮ ಉಲ್ಟಾ.